ಸಿಂಥ್‌ನಲ್ಲೇ ಸ್ಟ್ರಿಂಗ್ಸ್ ಕಲಿತದ್ದು: ನನ್ನ ಅನುಭವ

ಹಾಸನದಲ್ಲಿ ತಬಲಾದವರು, ಕೊಳಲಿನವರು ಸಿಗುತ್ತಾರೆ, ಕಚೇರಿಗೆ ಪಿಟೀಲು ನುಡಿಸುವವರೂ ಇದ್ದಾರೆ. ಆದರೆ ವಯಲಿನ್, ಅದಕ್ಕಿಂತ ದೊಡ್ಡ ವಿಯೋಲಾ, ಇನ್ನೂ ದೊಡ್ಡ ಚೆಲ್ಲೋ ಎಲ್ಲ ಸೇರಿದ ದೊಡ್ಡ ಗುಂಪು ಬೇಕು ಅಂದರೆ ಬೆಂಗಳೂರಿನಿಂದಲೇ ಕರೆಸಬೇಕು, ಆ ಖರ್ಚು ನಮ್ಮ ಭಾವಗೀತೆ ತಂಡಕ್ಕೆ ಎಟುಕುವುದಿಲ್ಲ. ಹಾಗಾಗಿ ನಾನು ಸ್ಟ್ರಿಂಗ್ಸ್ ಅರೇಂಜ್‌ಮೆಂಟ್, ಅಂದರೆ ಈ ತಂತಿವಾದ್ಯಗಳಿಗೆ ಸ್ವರ ಹಂಚುವುದನ್ನು, ಕಲಿತದ್ದು ಪೂರ್ತಿ ಸಿಂಥಸೈಜರ್ (ಸಿಂಥ್) ಅನ್ನುವ, ಎಲೆಕ್ಟ್ರಾನಿಕ್ ಆಗಿ ನಾದ ಹುಟ್ಟಿಸುವ ಕೀಬೋರ್ಡ್ ಮೇಲೆ. ಹೊಸಬರಿಗೂ ಅದನ್ನೇ ಹೇಳುತ್ತೇನೆ, ದುಬಾರಿ ಸ್ಯಾಂಪಲ್‌ಗಳಿಗೆ, ಅಂದರೆ ನಿಜವಾದ್ಯದ ರೆಕಾರ್ಡಿಂಗ್‌ಗಳಿಗೆ, ಮೊದಲೇ ಕೈ ಹಾಕಬೇಡಿ. ಅದರಲ್ಲಿ ಏನು ಒತ್ತಿದರೂ ಚೆನ್ನಾಗಿ ಕೇಳಿಸುತ್ತದೆ, ನಾವು ಬರೆದ ಸ್ವರಗಳ ಸಾಲು ಸರಿ ಇದೆಯಾ ಇಲ್ವಾ ಗೊತ್ತೇ ಆಗುವುದಿಲ್ಲ.

ಸೌಂಡ್ ಮಾಡಿಕೊಳ್ಳುವುದು ಸುಲಭ. ಎರಡು ಸಾಟೂತ್ ವೇವ್ (ಗರಗಸದ ಹಲ್ಲಿನಾಕಾರದ, ಚೂಪು ನಾದದ ಅಲೆ) ತೆಗೆದುಕೊಂಡು ಒಂದನ್ನು ಐದಾರು ಸೆಂಟ್ (ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಮೇಲೆ, ಇನ್ನೊಂದನ್ನು ಅಷ್ಟೇ ಕೆಳಗೆ ಡಿಟ್ಯೂನ್ ಮಾಡಿ, ಅಂದರೆ ಶ್ರುತಿ ಸರಿಸಿ. ಮೇಲಿನ ಕಂಪನಗಳನ್ನು ತಗ್ಗಿಸುವ ಲೋ ಪಾಸ್ ಫಿಲ್ಟರ್‌ನಿಂದ ಚೂಪು ಇಳಿಸಿ, ಮೇಲೆ ಕೋರಸ್ ಹಾಕಿ, ಅದು ಒಂದೇ ನಾದವನ್ನು ಹಲವರು ನುಡಿಸಿದ ಹಾಗೆ ಮಾಡುವ ಎಫೆಕ್ಟ್. 1974ರ ಸೊಲಿನಾ ಸ್ಟ್ರಿಂಗ್ ಎನ್‌ಸೆಂಬಲ್ ಎಂಬ ಕೀಬೋರ್ಡ್‌ನ ಆ ತುಂಬು ನಾದಕ್ಕೂ ಮುಖ್ಯ ಕಾರಣ ಕೋರಸ್ಸೇ. ಅಟ್ಯಾಕ್, ಅಂದರೆ ಸ್ವರ ಪೂರ್ತಿ ಏರಲು ಹಿಡಿಯುವ ಸಮಯ, ನೂರು ಮಿಲಿಸೆಕೆಂಡ್ ದಾಟಿದರೆ ಕಮಾನು ಎಳೆದ ಹಾಗೆ ಇರುತ್ತದೆ, ಆದರೆ ಸ್ವರ ತಾಳಕ್ಕಿಂತ ಹಿಂದೆ ಬಿದ್ದಂತೆ ಕೇಳಿಸುತ್ತದೆ. ಅದಕ್ಕೇ ನೋಟ್‌ಗಳನ್ನು ಒಂಚೂರು ಮುಂಚೆಗೆ ಸರಿಸುತ್ತೇನೆ.

ನಿಜವಾದ ಕೆಲಸ ಇರುವುದು ಕೈತುಂಬ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿಯುವುದನ್ನು ಬಿಡುವುದರಲ್ಲಿ. ಮೊದಲ ವಯಲಿನ್, ಎರಡನೇ ವಯಲಿನ್, ವಿಯೋಲಾ, ಚೆಲ್ಲೋ, ಎಲ್ಲಕ್ಕಿಂತ ತಗ್ಗಿನ ಡಬಲ್ ಬೇಸ್, ಐದಕ್ಕೂ ಬೇರೆ ಟ್ರ್ಯಾಕ್. ಒಂದೊಂದು ಸಾಲನ್ನೂ ಬಾಯಲ್ಲಿ ಹಾಡಿಕೊಂಡು ನುಡಿಸುತ್ತೇನೆ, ಹಾಡಲು ಬಾರದ ಸಾಲನ್ನು ಬದಲಾಯಿಸುತ್ತೇನೆ.

ಸ, ರಿ, ಗ, ಪ, ದ ಮಾತ್ರ ಇರುವ ಮೋಹನ ರಾಗದಲ್ಲಿ ಒಂದು ಹಾಡು ಇದೆ ಅಂದುಕೊಳ್ಳಿ, ಷಡ್ಜ (ಸ) ಸಿ. ಸಿ ಮೇಜರ್ ಕಾರ್ಡ್‌ನಿಂದ (ಸ, ಗ, ಪ) ಎ ಮೈನರ್‌ಗೆ (ದ, ಸ, ಗ) ಹೋಗಬೇಕು. ಸ, ಗ ಎರಡೂ ಕಾರ್ಡ್‌ನಲ್ಲೂ ಇವೆ, ಅಲ್ವಾ? ಹಾಗಾದರೆ ಮೊದಲ ವಯಲಿನ್ ಗ ಮೇಲೆ, ಎರಡನೆಯದು ಸ ಮೇಲೆ ಅಲುಗಾಡದೆ ನಿಲ್ಲಲಿ. ವಿಯೋಲಾ ಮಾತ್ರ ಪ ಬಿಟ್ಟು ‘ದ’ಕ್ಕೆ ಹತ್ತಲಿ, ಅದೇ ಹೊತ್ತಿಗೆ ಚೆಲ್ಲೋ ಸ ಇಂದ ಕೆಳಗಿನ ‘ದ’ಕ್ಕೆ ಇಳಿಯಲಿ. ಒಂದು ಹತ್ತುತ್ತಾ ಇನ್ನೊಂದು ಇಳಿಯುವ ಆ ಕ್ಷಣದಲ್ಲಿ ಹಾಡು ಅಗಲವಾಗುತ್ತದೆ, ಪ್ರತಿ ಸಲವೂ ನನಗೆ ರೋಮಾಂಚನ. ಎಫ್ ಮೇಜರ್ ಹಾಕುವ ಆಸೆ ಬರುತ್ತದೆ, ಹಾಕಬೇಡಿ, ಮ ಬಂದು ರಾಗವೇ ಕೆಡುತ್ತದೆ. ಜಿ ಮೇಜರ್ ಬೇಕೆಂದರೆ ನಿ ತೆಗೆದು ಬರೀ ಪ, ರಿ ಹಿಡಿಯಿರಿ.

ವಯಲಿನ್‌ಗೆ ಪಾಶ್ಚಾತ್ಯ ಶ್ರುತಿಯಲ್ಲಿ 196 ಹರ್ಟ್ಸ್‌ನ ಜಿಗಿಂತ ಕೆಳಗೆ ಸ್ವರವಿಲ್ಲ. ಸಿಂಥ್ ಎಷ್ಟು ಕೆಳಗಾದರೂ ನುಡಿಯುತ್ತದೆ, ನೀವು ಇಳಿಸಬೇಡಿ, ಮುಂದೆ ವಾದಕರು ಸಿಕ್ಕಾಗ ಅದೇ ಹಾಳೆ ಅವರ ಕೈಗೆ ಕೊಡಬಹುದು. ತಳದಲ್ಲಿ ಸ್ವರಗಳು ದೂರ ದೂರ ಇರಲಿ, ಮೇಲೆ ಹತ್ತಿರವಾದರೂ ನಡೆಯುತ್ತದೆ. ಏರಿಳಿತವನ್ನು ಪ್ರತಿ ಟ್ರ್ಯಾಕ್‌ಗೂ ಬೇರೆಬೇರೆಯಾಗಿ ಎಕ್ಸ್‌ಪ್ರೆಶನ್‌ನಲ್ಲಿ, ಅಂದರೆ ಧ್ವನಿಯ ಜೋರು ಏರಿಳಿಸುವ ಮಿಡಿ ನಿಯಂತ್ರಣ ಸಿಸಿ 11ರಲ್ಲಿ ಬರೆಯಿರಿ.

ಪಲ್ಲವಿಗೆ ಸ್ಟ್ರಿಂಗ್ಸ್ ಸುಮ್ನೆ ಇರಲಿ, ಚರಣದಲ್ಲಿ ಚೆಲ್ಲೋ ಒಂದೇ ಮೊದಲು ಬರಲಿ. ಗಣೇಶನ ಪೆಂಡಾಲ್‌ನಲ್ಲಿ ಬೇಸ್ ಗಿಟಾರ್ ಇದ್ದರೆ ಡಬಲ್ ಬೇಸ್ ಟ್ರ್ಯಾಕ್ ಮ್ಯೂಟ್ ಮಾಡಿಬಿಡಿ, ಎರಡೂ ಸೇರಿದರೆ ಹಾಡಿನ ಮಾತು ಕೇಳಿಸುವುದಿಲ್ಲ.