ಸ್ಟೀಮ್‌ನಲ್ಲಿ ವಸ್ತು ಕೊಡುವ ಮುನ್ನ ಖಾತೆ ಸೇರಿದ ದಿನಾಂಕ ನೋಡಿ
ಕಂಪ್ಯೂಟರ್ ಆಟಗಳ ತಾಣವಾದ ಸ್ಟೀಮ್‌ನಲ್ಲಿ ಕೌಂಟರ್‌ಸ್ಟ್ರೈಕ್ ಆಟದ ಸ್ಕಿನ್‌ಗಳನ್ನು (ಆಟದ ಆಯುಧಗಳಿಗೆ ತೊಡಿಸುವ ಬಣ್ಣ, ಚಿತ್ತಾರಗಳು) ವಿನಿಮಯ ಮಾಡುವವರು ಮೊಬೈಲ್‌ನಲ್ಲಿ ಕೊನೆಯ ಕನ್ಫರ್ಮ್ ಒತ್ತುವ ಮುನ್ನ ಎದುರಿನವರ ಹೆಸರು, ಚಿತ್ರಗಳನ್ನು ಬಿಟ್ಟು, ಅವರ ಲೆವೆಲ್ ಹಾಗೂ ಸ್ಟೀಮ್ ಸೇರಿದ ದಿನಾಂಕವನ್ನು ಮೊದಲೇ ಬರೆದಿಟ್ಟುಕೊಂಡದ್ದರೊಂದಿಗೆ ತಾಳೆ ನೋಡಬೇಕು. ಹೆಸರು, ಚಿತ್ರಗಳನ್ನು ಯಾರು ಬೇಕಾದರೂ ನಿಮಿಷದಲ್ಲಿ ನಕಲು ಮಾಡಬಹುದು. ಸೇರಿದ ದಿನಾಂಕವನ್ನು ಬದಲಿಸಲಾಗದು. ನಕಲಿ ಲಾಗಿನ್ ಪುಟದಲ್ಲಿ ಒಮ್ಮೆ ಲಾಗಿನ್ ವಿವರ ಕೊಟ್ಟವರ ಖಾತೆಗೆ ವಂಚಕರು ನುಗ್ಗಿ, ನಿಜವಾದ ಆಫರನ್ನು ಸದ್ದಿಲ್ಲದೆ ರದ್ದುಪಡಿಸಿ, ಅದೇ ಹೆಸರು, ಅದೇ ಚಿತ್ರವಿರುವ ಬೇರೆ ಖಾತೆಯನ್ನು ಅದರ ಜಾಗದಲ್ಲಿ ತಂದಿಡುತ್ತಾರೆ. ಸಂಜೆ ಮುಂಬೈನ ಕಲ್ಯಾಣ ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ನಿಂತವರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ. ಡೊಂಬಿವಲಿಯಲ್ಲಿ ಇಳಿದ ಮೇಲೆ ಒತ್ತಿದರೆ ನಷ್ಟವೇನಿಲ್ಲ. ದಿನಾಂಕ ಹೊಂದದಿದ್ದರೆ ಆಫರ್ ತಿರಸ್ಕರಿಸಿ, ತಾವು ಮಾಡಿರದ ಎಪಿಐ ಕೀ (ಹೊರಗಿನ ಪ್ರೋಗ್ರಾಂಗೆ ಖಾತೆಯನ್ನು ಬಳಸಲು ಬಿಡುವ ಸಂಕೇತ) ಇದ್ದರೆ ಅಳಿಸಿ, ಪಾಸ್‌ವರ್ಡ್ ಬದಲಿಸಿ. ಆದರೆ ಪರಿಚಿತರ ಹಳೆಯ ಖಾತೆಯೇ ವಂಚಕರ ವಶವಾಗಿದ್ದರೆ ದಿನಾಂಕ ಸರಿಯಾಗಿಯೇ ಇರುತ್ತದೆ. ಆಗ ಅವರಿಗೆ ಫೋನ್ ಮಾಡಿ ದನಿ ಕೇಳುವುದೇ ದಾರಿ. ಸ್ಟೀಮ್‌ನ ಹೊರಗೆ ಯುಪಿಐ ಮೂಲಕ ಹಣ ಪಡೆಯುವಲ್ಲಿಯೂ ಈ ಉಪಾಯ ನೆರವಿಗೆ ಬಾರದು: ಅಲ್ಲಿ ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕಿನ ಆ್ಯಪ್‌ನಲ್ಲೇ ಜಮಾ ಪರಿಶೀಲಿಸಬೇಕು, ಹಣ ಬರಲು ಪಿನ್ ಒತ್ತಿ ಎಂದವರೊಡನೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಬೇಕು. ಹಣ ಹೋಗಿಯೇಬಿಟ್ಟಿದ್ದರೆ, ಮನೆಯಲ್ಲಿ ಬೈಸಿಕೊಳ್ಳುವ ಅಂಜಿಕೆಯಲ್ಲಿ ಮಕ್ಕಳು ದಿನ ಕಳೆಯದಂತೆ ನೋಡಿಕೊಂಡು, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.