ಪೆಟ್ಟಿಗೆ ತಿರುಗಲಿ, ವೈರು ಕೋಣೆಯಲ್ಲೇ ಇರಲಿ

ಒಂದು ಪ್ರೊಜೆಕ್ಟರು, ಐದು ಕ್ಲಾಸು. ಪ್ರೊಜೆಕ್ಟರು ಪೆಟ್ಟಿಗೆಯಲ್ಲಿ ಕೋಣೆಯಿಂದ ಕೋಣೆಗೆ ತಿರುಗುತ್ತದೆ. ಶಿರಸಿ ಕಡೆಯ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇದು ಎರಡು ಮಳೆಗಾಲ ದಾಟಿ ನಡೆಯುತ್ತಿದೆ. ಸುತ್ತಲಿನ ಶಾಲೆಗಳ ಮಾಸ್ತರರು ಸೇರುವ ಕ್ಲಸ್ಟರ್ ಮೀಟಿಂಗಲ್ಲಿ ಮೊದಲು ಹೇಳಿದಾಗ "ಮಾಸ್ತರೆ, ಹೀಗೆ ಹೊತ್ತು ತಿರುಗಿದರೆ ಒಂದು ತಿಂಗಳೂ ಬಾಳಿಕೆ ಬರೋದಿಲ್ಲ" ಅಂದವರೇ ಜಾಸ್ತಿ. ಅವರಲ್ಲೇ ಇಬ್ಬರು ಈಚೆಗೆ ಟೇಪು ತಂದು ನಮ್ಮ ಮೇಜಿನ ಅಳತೆ ಬರೆದುಕೊಂಡು ಹೋದರು.

ಮುಂಚೆ ನಮ್ಮಲ್ಲೂ ಎಲ್ಲ ಕಡೆಯಂತೆ ಸ್ಮಾರ್ಟ್ ಕ್ಲಾಸ್ ಅಂತ ಒಂದು ಕೋಣೆ ಇತ್ತು. ಹೆಸರಿಗೆ ಎಲ್ಲರದ್ದು, ಬೀಗದ ಕೈ ಒಬ್ಬರ ಹತ್ತಿರ. 40 ನಿಮಿಷದ ಪಿರಿಯಡ್ಡಿನಲ್ಲಿ ಮಕ್ಕಳನ್ನು ಸಾಲು ಮಾಡಿ ಜಗಲಿ ದಾಟಿಸಿ ಅಲ್ಲಿ ಕೂರಿಸುವುದಕ್ಕೇ ಹತ್ತು ನಿಮಿಷ ಹೋಗುತ್ತಿತ್ತು, ಅಷ್ಟೊತ್ತಿಗೆ ಕರೆಂಟು ಹೋದರೆ ಮತ್ತೆ ಸಾಲು ಮಾಡಿ ವಾಪಸ್. ಜೂನ್ ಜುಲೈಯಲ್ಲಿ ಕೋಣೆ ಮುಚ್ಚಿಯೇ ಇತ್ತು. ಆಗಸ್ಟಿನಲ್ಲಿ ತೆಗೆದು ನೋಡಿದರೆ ಲೆನ್ಸಿನ ಒಳಗೆ ಬೂಷ್ಟು.

ಆಮೇಲೆ ಪ್ರೊಜೆಕ್ಟರು ತಳ್ಳಿಕೊಂಡು ಹೋಗಲು ಟ್ರಾಲಿ. ವೆಲ್ಡಿಂಗ್ ಮಾಡಿಸಿದ್ದಕ್ಕೆ ಮೂರು ಸಾವಿರದ ಚಿಲ್ಲರೆ ಹೋಯಿತು. ಹಳೇ ಹಂಚಿನ ಕಟ್ಟಡ, ಪ್ರತಿ ಬಾಗಿಲಿಗೂ ಹೊಸ್ತಿಲು, ಜಗಲಿಗೆ ಮೆಟ್ಟಿಲು. ಇಬ್ಬರು ಎತ್ತಬೇಕು. ಎತ್ತಿದಾಗಲೆಲ್ಲ ವೈರು ಜಗ್ಗಿ, ಎಚ್‌ಡಿಎಂಐ (ಚಿತ್ರ ಬರುವ ವೈರು) ಸಿಕ್ಕಿಸುವ ತೂತು ಸಡಿಲವಾಗಿ, ಚಿತ್ರ ನೀಲಿಯಾಗುತ್ತಿತ್ತು. ರಿಪೇರಿಗೆ ಕೊಟ್ಟರೆ ಬೋರ್ಡೇ ಬದಲಿಸಬೇಕು ಅಂತ ಆರು ಸಾವಿರ ಕೇಳಿದರು. ಅಲ್ಲಿಗೆ ಒಂದು ಸ್ಪಷ್ಟವಾಯಿತು. ನಮ್ಮಲ್ಲಿ ಕೆಟ್ಟದ್ದೆಲ್ಲ ವೈರಿನ ತುದಿಯಲ್ಲೇ ಕೆಟ್ಟಿತ್ತು.

ಹಾಗಾಗಿ ಈಗ ವೈರು ತಿರುಗುವುದೇ ಇಲ್ಲ. ಐದೂ ಕೋಣೆಯಲ್ಲಿ ಹತ್ತು ಮೀಟರಿನ ಎಚ್‌ಡಿಎಂಐ ಮತ್ತು ಕರೆಂಟಿನ ವೈರು ತೊಲೆಯ ಮೇಲಿಂದ ಬಂದು ನಡುವಿನ ಒಂದು ಮೇಜಿನ ಮೇಲೆ ಇಳಿಯುತ್ತವೆ, ಎಚ್‌ಡಿಎಂಐನ ಇನ್ನೊಂದು ತುದಿ ಮಾಸ್ತರ ಮೇಜಿನ ಹತ್ತಿರ. ನೆಲದ ಮೇಲೆ ಒಂದೂ ವೈರಿಲ್ಲ. ಹದಿನೈದು ಮೀಟರಿನದ್ದು ಹಾಕಿ ನೋಡಿದ್ದೆವು, ಚಿತ್ರ ಬಂದು ಬಂದು ಹೋಗುತ್ತಿತ್ತು. ಮೇಜಿನ ಕಾಲು ಎಲ್ಲಿರಬೇಕು ಅಂತ ನೆಲಕ್ಕೆ ಆಯಿಲ್ ಪೇಂಟಿನ ಗುರುತು ಇದೆ. ಮೇಜಿನ ಮೇಲೆ ಮರದ ಪಟ್ಟಿ ಹೊಡೆದಿದ್ದೇವೆ, ಪ್ರೊಜೆಕ್ಟರು ಅಲ್ಲಿ ಒಂದೇ ರೀತಿ ಕೂರುತ್ತದೆ. ಇಟ್ಟ ತಕ್ಷಣ ಚಿತ್ರ ಪರದೆಗೆ ಸರಿಯಾಗಿ ಬೀಳುತ್ತದೆ, ಫೋಕಸ್ ಕೂಡ ಮುಟ್ಟುವುದು ಬೇಡ. ಆಫೀಸಿನಿಂದ ಹೊರಟು ಪಾಠ ಶುರುವಾಗುವುದಕ್ಕೆ ಮೂರು ನಿಮಿಷ ಸಾಕು. ಈ ಸುತ್ತಿನಲ್ಲಿ ಬೇರೆ ಯಾವ ಶಾಲೆಯಲ್ಲೂ ಇಷ್ಟು ಬೇಗ ಆಗುವುದನ್ನು ನಾನು ನೋಡಿಲ್ಲ.

ಇನ್ನೊಂದು ಸಣ್ಣ ಸಂಗತಿ, ಆದರೆ ದುಡ್ಡು ಉಳಿಸಿದ್ದು ಇದೇ. ಪ್ರೊಜೆಕ್ಟರಿನ ಎಚ್‌ಡಿಎಂಐ ತೂತಿಗೆ ಗೇಣುದ್ದದ ಎಕ್ಸ್‌ಟೆನ್ಷನ್ ತುಂಡು ಸಿಕ್ಕಿಸಿ ಟೇಪು ಸುತ್ತಿಬಿಟ್ಟಿದ್ದೇವೆ. ಹಾಕುವುದು ತೆಗೆಯುವುದು ಎಲ್ಲ ಆ ತುಂಡಿಗೇ. ಸವೆದರೆ ನೂರೈವತ್ತು ರೂಪಾಯಿಯ ತುಂಡು ಸವೆಯುತ್ತದೆ, ಆರು ಸಾವಿರದ ಬೋರ್ಡು ಅಲ್ಲ.

ಬೆಳಕಿನ ತಕರಾರು ನಿಮ್ಮಲ್ಲೂ ಇರುತ್ತದೆ. ಮಾಡಿನ ಗಾಜಿನ ಹಂಚಿನಿಂದ ಬಿಸಿಲು ನೇರ ಪರದೆ ಮೇಲೆ ಬೀಳುತ್ತಿತ್ತು, ಆ ಹಂಚನ್ನು ಕೋಣೆಯ ಹಿಂಬದಿಗೆ ಹಾಕಿಸಿದೆವು. ಎಲ್ಲರೂ ಗೋಡೆ ತುಂಬ ಚಿತ್ರ ಬೇಕು ಅಂತಾರೆ. ಬೇಡ. ಎಂಟು ಅಡಿ ಅಗಲದ್ದನ್ನು ಐದು ಅಡಿಗೆ ಇಳಿಸಿದರೆ ನಮ್ಮ ಪ್ರೊಜೆಕ್ಟರಿನ ಅದೇ 3000 ಲ್ಯೂಮೆನ್ಸ್ ಬೆಳಕು ಎರಡೂವರೆ ಪಟ್ಟು ಪ್ರಖರವಾಗಿ ಕಾಣುತ್ತದೆ, ಕಿಟಕಿ ಮುಚ್ಚದೆ ಪಾಠ ಮಾಡಬಹುದು. ಪರದೆ ಅಂದರೆ ಫ್ಲೆಕ್ಸಿನ ಬಿಳಿ ಹಿಂಬದಿ. ಅದರ ಹೊಳಪು ತೆಗೆಯಲು ಒಂದು ಉಪಾಯ ಮಾಡಿದ್ದೇವೆ, ಅದನ್ನು ಶಾಲೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಕರೆಂಟು ಹೋದರೆ ಪಾಠ ನಿಲ್ಲುವುದಕ್ಕಿಂತ ದೊಡ್ಡ ನಷ್ಟ ಲ್ಯಾಂಪಿನದ್ದು. ಬಿಸಿಯಾದ ಲ್ಯಾಂಪಿಗೆ ಫ್ಯಾನ್ ಗಾಳಿ ಸಿಗದೆ ಆಯುಷ್ಯ ಕಡಿಮೆಯಾಗುತ್ತದೆ. ಪೆಟ್ಟಿಗೆ ಜೊತೆ 600 ವಿಎ ಯುಪಿಎಸ್ ಹೋಗುತ್ತದೆ. ಅದರಲ್ಲಿ ಪಾಠ ಮುಗಿಸಲು ಆಗುವುದಿಲ್ಲ, ಆಫ್ ಮಾಡಿ ತಣ್ಣಗಾಗಲು ಬಿಡುವುದಕ್ಕೆ ಧಾರಾಳ ಸಾಕು. ಸೋಲಾರ್ ಕೂಡ ನೋಡಿದೆವು. ಬೇಸಿಗೆಯಲ್ಲಿ ಚೆಂದ. ನಮಗೆ ಬೇಕಾದದ್ದು ಜುಲೈಗೆ, ಜುಲೈಯಲ್ಲಿ ಘಟ್ಟದ ಮೇಲೆ ಬಿಸಿಲೆಲ್ಲಿ?

ಬೂಷ್ಟಿಗೆ ಮದ್ದು ಹಳೆಯದೇ. ಗಾದ್ರೇಜ್ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಹಳೇ ಕಾಲದ ಸಣ್ಣ ಬಲ್ಬು ಉರಿಯುತ್ತದೆ. ಎಲ್‌ಇಡಿ ಹಾಕಬೇಡಿ, ಅದರ ಬಿಸಿ ಸಾಲದು. ಪೆಟ್ಟಿಗೆಯೊಳಗೆ ನೀಲಿ ಸಿಲಿಕಾ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಳೇ ತವೆ ಮೇಲೆ ಹುರಿದರೆ ಮತ್ತೆ ನೀಲಿಯಾಗುತ್ತದೆ. ಆ ತವೆ ಮತ್ತೆ ಬಿಸಿಯೂಟದ ಅಡುಗೆಗೆ ಹೋಗಬಾರದು. ಕಾರವಾರದ ಸ್ನೇಹಿತರೊಬ್ಬರ ಕಷ್ಟ ಬೇರೆ. ಅಲ್ಲಿ ಉಪ್ಪುಗಾಳಿಗೆ ಪಿನ್ನುಗಳೇ ಹಸಿರುಗಟ್ಟುತ್ತವೆ. ಅವರು ಇಳಿಬಿಟ್ಟ ತುದಿಗಳಿಗೆಲ್ಲ ರಬ್ಬರ್ ಟೋಪಿ ಹಾಕಿದ್ದಾರೆ. ಈಗ ನಾವೂ ಹಾಕಿದ್ದೇವೆ, ಕಡಜ ಮಣ್ಣು ಮೆತ್ತುವುದಕ್ಕೂ ಅದೇ ತಡೆ.

ಸೌಂಡ್ ವಿಷಯದಲ್ಲಿ ಸುಮಾರು ಆಟ ಆಡಿದ್ದೇವೆ. ಮುಂದೆ ಒಂದು ದೊಡ್ಡ ಸ್ಪೀಕರ್ ಇಟ್ಟರೆ ಮಾಡಿನ ಮೇಲಿನ ಮಳೆ ಸದ್ದಿಗೆ ಹಿಂದಿನ ಬೆಂಚಿಗೆ ಏನೂ ಕೇಳದು, ಜೋರು ಮಾಡಿದರೆ ಪಕ್ಕದ ಕ್ಲಾಸಿನ ಅಕ್ಕೋರಿಗೆ ತೊಂದರೆ. ಎರಡು ಸಣ್ಣ ಸ್ಪೀಕರನ್ನು ಅಕ್ಕಪಕ್ಕದ ಗೋಡೆಗಳ ನಡುಭಾಗಕ್ಕೆ, ಕೂತ ಮಕ್ಕಳ ಕಿವಿ ಎತ್ತರಕ್ಕೆ ತಂದೆವು. ಅರ್ಧ ವಾಲ್ಯೂಮ್ ಸಾಕಾಯಿತು. ಮಳೆ ತೀರಾ ಜೋರಾದರೆ ಮ್ಯೂಟ್ ಮಾಡಿ ನಾವೇ ವಿವರಿಸುತ್ತೇವೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಹಳೇ ಮೊಬೈಲಿನ ಪ್ರಯೋಗ. ಪರದೆ ಒಡೆದ ಒಂದು ಫೋನನ್ನು ಮರದ ಸ್ಟ್ಯಾಂಡಿಗೆ ಕೆಳಮುಖ ಕಟ್ಟಿ, ಅದರ ಚಿತ್ರ ಪ್ರೊಜೆಕ್ಟರಿಗೆ ಬರುವಂತೆ ಮಾಡಿದೆವು. ಕೊಳೆ ರೋಗ ಬಂದ ಅಡಿಕೆಕಾಯಿಯನ್ನು ಒಬ್ಬ ಹುಡುಗಿ ತೋಟದಿಂದ ತಂದಿದ್ದಳು. ಐದಡಿ ಪರದೆ ಮೇಲೆ ತೊಟ್ಟಿನ ಹತ್ತಿರದ ನೀರು ಕುಡಿದ ಕಲೆ, ಅದರ ಮೇಲಿನ ಬಿಳಿ ಹತ್ತಿಯಂಥ ಎಳೆ, ಒಂದೊಂದೂ ಕಂಡವು. ದಿನಾ ಕಾಲಡಿ ತುಳಿಯುವ ಕಾಯಿ ಅದು. ತೋಟಕ್ಕೆ ಬೋರ್ಡೋ ಮದ್ದು (ಮೈಲುತುತ್ತ, ಸುಣ್ಣದ ದ್ರಾವಣ) ಯಾಕೆ ಹೊಡೀತಾರೆ ಅಂತ ಆ ದಿನ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರು ಹದಿನಾರೋ ಹದಿನೇಳೋ ಸಾವಿರ, ಎಚ್‌ಡಿಎಂಐ ನಾಲ್ಕು, ಮೇಜು ಐದು, ಯುಪಿಎಸ್ ಮೂರು, ಫ್ಲೆಕ್ಸು ವೈರಿಂಗು ಸೇರಿ ಮೂರೂವರೆ. ಒಟ್ಟು ಮೂವತ್ತೆರಡರ ಆಸುಪಾಸು. ಐದು ಟಿವಿ ಹಾಕಿಸಿ ಅಂದವರ ಕೊಟೇಶನ್ನು ಲಕ್ಷ ದಾಟಿತ್ತು. ದುಡ್ಡು ಬಂದದ್ದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮತ್ತು ಹಳೇ ವಿದ್ಯಾರ್ಥಿಗಳಿಂದ. ಮಳೆಗಾಲದಲ್ಲಿ ಕೇಳಬೇಡಿ, ಅಡಿಕೆ ಮಾರಿದ ಮೇಲೆ ಕೇಳಿ. ಪ್ರೊಜೆಕ್ಟರು ಯಾರ ಹತ್ತಿರ ಕೊಂಡೆ ಅಂತ ಬರೆಯುವುದಿಲ್ಲ, ಬರೆದರೆ ರೇಟು ಏರುತ್ತದೆ. ಕೊಳ್ಳುವಾಗ ಲ್ಯಾಂಪ್ ಅವರ್ (ಲ್ಯಾಂಪು ಉರಿದ ಗಂಟೆಗಳ ಲೆಕ್ಕ) ಒಂದನ್ನೇ ನಂಬಬೇಡಿ, ಅದನ್ನು ಸೊನ್ನೆ ಮಾಡಲು ಬರುತ್ತದೆ. ಪೂರ್ತಿ ಬಿಳಿ ಚಿತ್ರ ಹಾಕಿಸಿ, ಹಳದಿ ಕಲೆ ಇದೆಯಾ ನೋಡಿ.

ಹಂಚಿಕೆಗೆ ಒಂದು ನೋಟ್‌ಬುಕ್ ಅಷ್ಟೇ. ಹಿಂದಿನ ದಿನ ಬರೆದವರಿಗೆ ಪೆಟ್ಟಿಗೆ, ಒಂದು ಪಿರಿಯಡ್ಡಿಗೆ ಇಪ್ಪತ್ತು ನಿಮಿಷ, ಶುಕ್ರವಾರ ಬೆಳಿಗ್ಗೆ ನಲಿಕಲಿಯ ಸಣ್ಣ ಕ್ಲಾಸಿನವರದ್ದು. ಏಳನೇ ಕ್ಲಾಸಿನ ಇಬ್ಬರು ಹೊತ್ತು ತರುತ್ತಾರೆ, ಅವರಿಗೆ ಫ್ಯಾನ್ ನಿಲ್ಲುವವರೆಗೆ ಮುಟ್ಟಬಾರದು ಅನ್ನುವುದು ನಮಗಿಂತ ಚೆನ್ನಾಗಿ ನೆನಪಿರುತ್ತದೆ. ಈ ವರ್ಷ ಗುರುವಾರ ಮಧ್ಯಾಹ್ನ ಪೆಟ್ಟಿಗೆ ಪಕ್ಕದ ಕಿರಿಯ ಪ್ರಾಥಮಿಕ ಶಾಲೆಗೂ ಹೋಗುತ್ತಿದೆ. ಅವರು ತಮ್ಮ ಕೋಣೆಯೊಂದಕ್ಕೆ ವೈರು, ಮೇಜು, ಫ್ಲೆಕ್ಸು ಹಾಕಿಸಿಕೊಂಡರು. ಅವರಿಗೆ ಬಿದ್ದ ಖರ್ಚು ಎರಡೂವರೆ ಸಾವಿರದೊಳಗೆ.