ಪ್ರೀ-ವರ್ಕೌಟ್ ಪುಡಿ ಕುಡಿದು ಓಡಿ ನೋಡಿದೆ

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಐದೂವರೆಗೇ ಹುಡುಗರು ಓಡುತ್ತಿರುತ್ತಾರೆ. ಹೆಚ್ಚಿನವರದ್ದು ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯ ತಯಾರಿ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ನನ್ನ ಅಣ್ಣನ ಮಗನೂ ಅವರಲ್ಲಿ ಒಬ್ಬ. ಅವನ ಜೊತೆ ಹೋಗಿ ನಾನೂ ಐದು ಕಿಲೋಮೀಟರ್ ಓಡುತ್ತೇನೆ. ನನಗೀಗ 41.

ಒಂದು ದಿನ ಅವನು ಅಂಗಡಿಯಿಂದ ಪ್ರೀ-ವರ್ಕೌಟ್ ಡಬ್ಬಿ ತಂದ, ಅಂದರೆ ವ್ಯಾಯಾಮಕ್ಕೆ ಮೊದಲು ನೀರಿಗೆ ಕಲಸಿ ಕುಡಿಯುವ ಪುಡಿ. ಬೆಲೆ ಎರಡು ಸಾವಿರಕ್ಕೂ ಜಾಸ್ತಿ. ಒಂದು ಸಲಕ್ಕೆ ಒಂದು ಸ್ಕೂಪ್ (ಡಬ್ಬಿಯೊಳಗಿನ ಅಳತೆ ಚಮಚ) ಅಂತ ಬರೆದಿತ್ತು. ಇವನು ಖಾಲಿ ಹೊಟ್ಟೆಯಲ್ಲಿ ಎರಡು ಸ್ಕೂಪ್ ಕಲಸಿ ಕುಡಿದ. ಅದಕ್ಕೆ ಮೊದಲು ಎರಡು ಕಪ್ ಚಹಾ ಬೇರೆ ಆಗಿತ್ತು.

"ಕಾಕಾ, ಮುಖಕ್ಕ ಇರಿವಿ ಹರದಂಗ ಆಗ್ಲತ್ತದ. ಪೌಡರ್ ಹತ್ತ್ಯದ ನೋಡ್ರಿ" ಅಂತ ಖುಷಿಯಲ್ಲಿ ಹೊರಟ. ಮೊದಲ ಸುತ್ತು 80 ಸೆಕೆಂಡ್. ಮೂರನೇ ಸುತ್ತಿಗೆ ಟ್ರ್ಯಾಕ್ ಪಕ್ಕ ಕೂತು ವಾಂತಿ ಮಾಡಿಕೊಂಡ. ಕೈ ನಡುಗುತ್ತಿತ್ತು. ಹತ್ತು ನಿಮಿಷ ಕೂತ ಮೇಲೆ ಕುತ್ತಿಗೆಗೆ ಬೆರಳಿಟ್ಟು ನಾಡಿ ಎಣಿಸಿದೆ. ಆಗಲೂ 130ರ ಹತ್ತಿರ ಇತ್ತು. ನನ್ನ ಜೀವ ಬಾಯಿಗೆ ಬಂದಿತ್ತು.

ಅವತ್ತು ಸಂಜೆ ಇಬ್ಬರೂ ಡಬ್ಬಿ ಮುಂದಿಟ್ಟುಕೊಂಡು ಕೂತೆವು. ಒಂದು ಸ್ಕೂಪಿನಲ್ಲಿ ಕೆಫೀನ್ 200 ಮಿಲಿಗ್ರಾಂ, ಬೀಟಾ ಅಲನಿನ್ 2 ಗ್ರಾಂ, ಸಿಟ್ರುಲಿನ್ 3 ಗ್ರಾಂ, ಜೊತೆಗೆ ಟಾರಿನ್, ಬಣ್ಣ, ರುಚಿ. ಹುಡುಗನ ತೂಕ 58 ಕಿಲೋ. ಎರಡು ಸ್ಕೂಪ್ ಅಂದರೆ 400 ಮಿಲಿಗ್ರಾಂ ಕೆಫೀನ್. ಆರೋಗ್ಯವಂತ ದೊಡ್ಡವರಿಗೆ ಇಡೀ ದಿನಕ್ಕೆ ಅಷ್ಟೇ ಮಿತಿ. ಓಟಕ್ಕೆ ಉಪಯೋಗ ಆಗುವುದು ಕಿಲೋ ತೂಕಕ್ಕೆ 3ರಿಂದ 6 ಮಿಲಿಗ್ರಾಂ. ಅದರ ಮೇಲೆ ಹೋದರೆ ಓಟ ಹೆಚ್ಚುವುದಿಲ್ಲ, ನಡುಕ ಹೆಚ್ಚುತ್ತದೆ.

ಇನ್ನು ಆ ಇರುವೆ ಹರಿದಂತೆ ಆಗುವುದು ಬೀಟಾ ಅಲನಿನ್‌ನಿಂದ. ಚರ್ಮದ ನರಗಳು ಕೆರಳುತ್ತವೆ, ಒಂದು ತಾಸಿನಲ್ಲಿ ಇಳಿಯುತ್ತದೆ, ಅಪಾಯ ಇಲ್ಲ. ಆದರೆ ಅದಕ್ಕೂ ಅವತ್ತಿನ ಓಟಕ್ಕೂ ಸಂಬಂಧವೇ ಇಲ್ಲ. ಬೀಟಾ ಅಲನಿನ್ ಮಾಂಸಖಂಡದಲ್ಲಿ ಕಾರ್ನೊಸಿನ್ ಆಗಿ, ಅಂದರೆ ಜೋರು ಓಟದಲ್ಲಿ ಹುಟ್ಟುವ ಆಮ್ಲವನ್ನು ತಗ್ಗಿಸುವ ವಸ್ತುವಾಗಿ ಕೂಡಿಕೊಳ್ಳಬೇಕು. ಅದಕ್ಕೆ ದಿನಾ 3ರಿಂದ 6 ಗ್ರಾಂನಂತೆ ಕನಿಷ್ಠ ನಾಲ್ಕು ವಾರ ಬೇಕು. ಅಷ್ಟು ಮಾಡಿದರೂ ಲಾಭ ಕಾಣುವುದು ಒಂದರಿಂದ ಹತ್ತು ನಿಮಿಷದ ಜೋರು ಓಟದಲ್ಲಿ, ಅದೂ ಸ್ವಲ್ಪವೇ. ಒಂದು ದಿನ ಕುಡಿದು ಓಡಿದರೆ ಸಿಗುವುದು ಬರೀ ತುರಿಕೆ. ಜನ ಮಾತ್ರ ಅದನ್ನೇ ಶಕ್ತಿ ಅಂದುಕೊಳ್ಳುತ್ತಾರೆ. ನನಗೆ ಸಿಟ್ಟು ಬಂದಿದ್ದು ಇಲ್ಲಿಗೇ.

ಹಾಗಾದರೆ ಕೆಲಸ ಮಾಡುವುದು ಯಾವುದು? ನನ್ನ ಮೇಲೇ ನೋಡಿಕೊಳ್ಳೋಣ ಅನ್ನಿಸಿತು. ಡಿಸೆಂಬರ್, ಜನವರಿಯ ಭಾನುವಾರಗಳನ್ನು ಆರಿಸಿದೆ. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಆಗ ಓಡಿದರೆ ಬಿಸಿಲಿನ ಲೆಕ್ಕವೇ ಆಗುತ್ತದೆ. ಮೊದಲು ಹುಡುಗ ಒಂದು ವಾರ ಪುಡಿ ಹಾಕಿದ ಶರಬತ್ತು, ಇನ್ನೊಂದು ವಾರ ಬರೀ ಶರಬತ್ತು ಕೊಡುವುದು, ನನಗೆ ಹೇಳಬಾರದು ಅಂತ ಮಾತಾಯಿತು. ಮೊದಲ ದಿನವೇ ಕೆಟ್ಟಿತು. ಕಾಲು ತಾಸಿನಲ್ಲಿ ಕಿವಿ, ಕುತ್ತಿಗೆ ಜುಮ್ ಅಂದವು, ಯಾವುದು ಕುಡಿದೆ ಅಂತ ತಿಳಿದುಹೋಯಿತು. ತಿಳಿದ ಮೇಲೆ ಮನಸ್ಸೇ ಓಡಿಸುತ್ತದೆ, ಅಲ್ವಾ?

ಆಮೇಲೆ ಕಾಫಿಗೆ ಬಂದೆವು. ಚಿಕೋರಿ ಬೆರೆಸದ ಇನ್‌ಸ್ಟಂಟ್ ಕಾಫಿಪುಡಿಯ ಒಂದು ಟೀ ಚಮಚದಲ್ಲಿ ಸುಮಾರು 60 ಮಿಲಿಗ್ರಾಂ ಕೆಫೀನ್ ಇರುತ್ತದೆ. ನನ್ನ ತೂಕ 68 ಕಿಲೋ. ಕಿಲೋಗೆ 3ರಂತೆ ಹಿಡಿದರೆ ಮೂರು ಚಮಚ ತುಂಬಿ ಸ್ವಲ್ಪ ಮೇಲೆ. ಕೆಫೀನ್ ತೆಗೆದ ಕಾಫಿಪುಡಿ ಇಲ್ಲಿ ಅಂಗಡಿಯಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ. ಹುಡುಗ ನಾಣ್ಯ ಚಿಮ್ಮಿ ಯಾವುದೋ ಒಂದನ್ನು ಕಲಸಿ ಕೊಡುತ್ತಿದ್ದ. ಎರಡೂ ಕಹಿಯೇ. ಒಂದು ತಾಸು ಬಿಟ್ಟು ಓಟ. ಸಮಯ ಅವನ ನೋಟ್‌ಬುಕ್ಕಿನಲ್ಲಿ. ನಾಲ್ಕು ನಾಲ್ಕು ಸಮ ಆಗುವವರೆಗೆ ನಡೆಸಿದೆವು.

ಎಂಟು ಓಟ ಮುಗಿದ ಮೇಲೆ ನೋಟ್‌ಬುಕ್ ತೆಗೆದೆವು. ಕೆಫೀನ್ ಇಲ್ಲದ ದಿನಗಳ ಸರಾಸರಿ 27 ನಿಮಿಷ 40 ಸೆಕೆಂಡ್. ಇದ್ದ ದಿನಗಳದ್ದು 27 ನಿಮಿಷ 8 ಸೆಕೆಂಡ್. ಅಂದರೆ ನೂರಕ್ಕೆ ಎರಡರಷ್ಟು. ಎಂಟು ಓಟ ಅಂದರೆ ಬಹಳ ಕಡಿಮೆ, ಒಂದು ರಾತ್ರಿ ನಿದ್ದೆ ಕೆಟ್ಟರೂ ಅಷ್ಟು ವ್ಯತ್ಯಾಸ ಬರುತ್ತದೆ. ಆದರೂ ಬೇರೆ ಕಡೆ ಬಹಳ ಜನರ ಮೇಲೆ ನಡೆದ ಪ್ರಯೋಗಗಳಲ್ಲಿ ಸಿಕ್ಕಿದ್ದೂ ಹೆಚ್ಚುಕಡಿಮೆ ನೂರಕ್ಕೆ 2ರಿಂದ 4. ಕೆಫೀನ್ ಮೆದುಳಿಗೆ ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್ ಎಂಬ ವಸ್ತುವಿನ ಜಾಗದಲ್ಲಿ ತಾನು ಕೂತುಬಿಡುತ್ತದೆ. ಅದಕ್ಕೇ ಅದೇ ವೇಗ ಸ್ವಲ್ಪ ಹಗುರ ಅನ್ನಿಸುತ್ತದೆ.

ಒಮ್ಮೆ ಸಂಜೆ ಆರಕ್ಕೆ ಕುಡಿದು ಓಡಿದೆ. ರಾತ್ರಿ ಒಂದಕ್ಕೂ ಕಣ್ಣು ಮುಚ್ಚಲಿಲ್ಲ. ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು ಐದು ತಾಸು ಬೇಕು. ಮರುದಿನದ ಓಟ ಹಾಳಾಯಿತು. ಸಂಜೆ ಅಭ್ಯಾಸ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಬೀಟ್‌ರೂಟ್ ರಸವೂ ನೋಡಿದೆ. ಕಣ್ಣಿ ಮಾರ್ಕೆಟ್‌ನಿಂದ ತಂದು ಮಿಕ್ಸಿಗೆ ಹಾಕಿ ಸೋಸಿದೆ. ಅದರಲ್ಲಿರುವ ನೈಟ್ರೇಟ್ ಮೈಯಲ್ಲಿ ರಕ್ತನಾಳ ಹಿಗ್ಗಿಸುವ ವಸ್ತುವಾಗುತ್ತದೆ, ಅದನ್ನು ಮೊದಲು ಬದಲಾಯಿಸುವುದು ನಮ್ಮ ಬಾಯಿಯಲ್ಲಿರುವ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಹಾಕಿ ಮುಕ್ಕಳಿಸಿದರೆ ಅವು ಸತ್ತು ರಸ ಕುಡಿದದ್ದು ವ್ಯರ್ಥ. ಓಟಕ್ಕೆ ಎರಡು ಮೂರು ತಾಸು ಮೊದಲು ಕುಡಿಯಬೇಕು, ಅಂದರೆ ನಾನು ಮೂರಕ್ಕೇ ಏಳಬೇಕು. ಎರಡೇ ವಾರದಲ್ಲಿ ಬಿಟ್ಟುಬಿಟ್ಟೆ. ಡಬ್ಬಿಯಲ್ಲಿದ್ದ ಸಿಟ್ರುಲಿನ್ ಅನ್ನೂ ರಕ್ತದ ಹರಿವಿಗೆಂದೇ ಹಾಕುತ್ತಾರೆ, ಆದರೆ ಅದು ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದಕ್ಕಿಂತ ಕಡಿಮೆ ಇತ್ತು. ಮಾಂಸಖಂಡಕ್ಕೆ ಥಟ್ಟನೆ ಶಕ್ತಿ ಒದಗಿಸುವ ಕ್ರಿಯಾಟಿನ್ ಬೇರೆ ಡಬ್ಬಿಯಲ್ಲಿ ಬರುತ್ತದೆ. ಅದು ಭಾರ ಎತ್ತುವವರಿಗೆ ಒಳ್ಳೆಯದೇ, ಆದರೆ ಮೈಯಲ್ಲಿ ನೀರು ಹಿಡಿದು ಒಂದೆರಡು ಕಿಲೋ ತೂಕ ಏರುತ್ತದೆ. ಓಡುವವರು ಆ ತೂಕ ಹೊತ್ತು ಓಡಬೇಕು.

ಬಿಪಿ ಇರುವವರು, ಎದೆಬಡಿತದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದ್ಯಾವುದನ್ನೂ ಮುಟ್ಟಬೇಡಿ. ದಯವಿಟ್ಟು. ಆ ಹುಡುಗನ ನಾಡಿ ಎಣಿಸಿದ ಬೆರಳು ನನ್ನದು, ಅದಕ್ಕೇ ಹೇಳುತ್ತಿದ್ದೇನೆ.

ಅಣ್ಣನ ಮಗನಿಗೆ ಪುಡಿ ಬಿಡಿಸಿ ಮಾಡಿದ್ದು ಒಂದೇ ಕೆಲಸ. 6 ನಿಮಿಷ 30 ಸೆಕೆಂಡನ್ನು ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ಅವನು ಮೊದಲ ಸುತ್ತು 80ರಲ್ಲಿ ಸುಟ್ಟು ಕೊನೆಗೆ 6 ನಿಮಿಷ 45ಕ್ಕೆ ತಲುಪುತ್ತಿದ್ದ. ನಾನು ಗಡಿಯಾರ ಹಿಡಿದು ಅಂಚಿನಲ್ಲಿ ನಿಂತು "ತಡಿ, ತಡಿ, ಇನ್ನಾ ನಿಧಾನ" ಅಂತ ಕೂಗುತ್ತಿದ್ದೆ. ಮೊನ್ನೆ ಭಾನುವಾರ ಅರ್ಧ ಕಪ್ ಚಹಾ ಕುಡಿದು ಓಡಿದ. ಸುತ್ತುಗಳು 96, 98, 98, 93.